ಕೇಳುವವನೊಬ್ಬ ಬೇಕು

(ಸೊಲ್ಲಾಪುರದ ಕನ್ನಡ ಕಾರ್ಮಿಕ ಬಂಧುಗಳ ಮಾಸಿಕ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ಹೋದ ತಿಂಗಳ ಕೂಟದಲ್ಲಿ ನಮ್ಮ ಕಾರ್ಯದರ್ಶಿಗಳು ಒಂದು ಸೂಚನೆ ಮುಂದಿಟ್ಟರು. ತರುಣರಿಗೆ ಬುದ್ಧಿವಾದ ಹೇಳಲು ಹಿರಿಯರೊಬ್ಬರು ವಾರಕ್ಕೊಮ್ಮೆ ಕುಳಿತುಕೊಳ್ಳಬೇಕು. ನೌಕರಿ, ಸಾಲ, ಮದುವೆ, ಮನೆಯ ಜಗಳ, ಯಾವ ವಿಷಯವೇ ಇರಲಿ, ಅವರ ಮುಂದೆ ಇಟ್ಟು ಸಲಹೆ ಪಡೆಯಬಹುದು ಎಂದು. ಆ ಕೆಲಸಕ್ಕೆ ನನ್ನ ಹೆಸರನ್ನೇ ಹೇಳಿದರು. ನಾನು ಒಂದು ತಿಂಗಳ ಕಾಲಾವಕಾಶ ಕೇಳಿಕೊಂಡೆ. ಈ ದಿನ ಉತ್ತರ ಹೇಳಬೇಕಾಗಿದೆ. ಕುಳಿತುಕೊಳ್ಳಲು ನನ್ನ ಒಪ್ಪಿಗೆ ಇದೆ. ಬುದ್ಧಿವಾದ ಹೇಳಲು ಮಾತ್ರ ಒಪ್ಪಿಗೆ ಇಲ್ಲ. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಕೇಳಬೇಕು.

1995ರ ಸುಮಾರಿನ ಮಾತು. ನಾನು ಕೆಲಸಕ್ಕಿದ್ದ ಗಿರಣಿ ಇವತ್ತೋ ನಾಳೆಯೋ ಎನ್ನುವಂತಿತ್ತು. ಭೋಂಗಾ ಒಂದು ದಿನ ಕೂಗಿದರೆ ಎರಡು ದಿನ ಇಲ್ಲ. ನಮ್ಮ ಮಗ್ಗದ ಖಾತೆಯಲ್ಲಿ ನನ್ನ ಜೊತೆ ಹದಿನೆಂಟು ವರ್ಷ ದುಡಿದ ಒಬ್ಬ ಸಹೋದರನಿದ್ದ, ನಮ್ಮ ಸಭೆಯವನೇ. ಅವನು ಒಂದು ಸಂಜೆ ಮನೆಗೆ ಬಂದು, ‘ಅಣ್ಣಾರ, ರಾಜಿ ಮಾಡಿಕೊಂಡು ಒಟ್ಟು ರೊಕ್ಕ ತಗೊಂಡು ಬಿಡ್ಲೋ, ಕೋರ್ಟಿನ ದಾವೆ ಮುಗಿಯೂತನ ಕಾಯಲೋ?’ ಎಂದು ಕೇಳಿದ. ನನಗೆ ಉತ್ತರ ಸಿದ್ಧವಾಗಿತ್ತು. ನಾಳಿನ ಚಿಂತೆ ಮಾಡಬಾರದೆಂಬ ಸ್ವಾಮಿಯ ಬೋಧನೆಯನ್ನು ಸತ್ಯವೇದದಿಂದ ಓದಿದೆ, ಪ್ರಾರ್ಥನೆ ಮಾಡಿದೆ, ‘ರೊಕ್ಕ ತಗೋ, ಸೆಕೆಂಡ್ ಹ್ಯಾಂಡ್ ಪವರ್‌ಲೂಮ್ ಒಂದು ಹಾಕು, ದೇವರು ನಡೆಸುತ್ತಾನೆ’ ಎಂದೆ. ಎಲ್ಲ ಸೇರಿ ಅರ್ಧ ತಾಸು. ಅವನು ಸಮಾಧಾನದಿಂದ ಹೋದ. ಒಬ್ಬ ಸಹೋದರನ ಭಾರ ಇಳಿಸಿದೆನೆಂದು ನಾನೂ ಚೆನ್ನಾಗಿ ನಿದ್ದೆ ಮಾಡಿದೆ.

ಮಗ್ಗ ಬಂತು. ನೂಲಿನ ದರ ಏರಿತು, ಕರೆಂಟಿನ ಬಿಲ್ಲು ಏರಿತು, ಟಾವೆಲಿನ ದರ ಮಾತ್ರ ಇದ್ದಲ್ಲೇ ಇತ್ತು. ಮೂರು ವರ್ಷಕ್ಕೆ ಆ ಮಗ್ಗ ಗುಜರಿ ಕಬ್ಬಿಣದ ತೂಕಕ್ಕೆ ಹೋಯಿತು. ಸಾಲ ಉಳಿಯಿತು. ಇಷ್ಟೇ ಆಗಿದ್ದರೆ ವ್ಯಾಪಾರದ ಏರಿಳಿತವೆಂದು ನಾನು ಸುಮ್ಮನಿರುತ್ತಿದ್ದೆ. ಬಹಳ ದಿನದ ಮೇಲೆ ಒಂದು ಮಣ್ಣಿಗೆ ಹೋಗಿ ಬರುವಾಗ ಅವನು ಮೆಲ್ಲಗೆ ಅಂದ: ‘ಅಣ್ಣಾರ, ನೀವು ಹೇಳಿದ್ದು ತಪ್ಪು ಅಂತ ನಾ ಅನ್ನೂದಿಲ್ಲ. ಆದ್ರ ಅವತ್ತು ನೀವು ನನ್ನ ಏನೂ ಕೇಳಲೇ ಇಲ್ಲ.’

ಆಮೇಲೆ ದಾರಿಯುದ್ದಕ್ಕೂ ಅವನು ಮಾತಾಡಿದ. ಅವನ ಮನೆಯಲ್ಲಿ ಹೆಂಡತಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದಳು. ಗಿರಣಿ ಬಂದಾದರೆ ತಾನು ಕಟ್ಟೆಯ ಮೇಲೆ ಕೂತು ಅವಳ ದುಡಿಮೆ ಉಣ್ಣಬೇಕಲ್ಲ ಎಂಬ ನಾಚಿಕೆ ಅವನನ್ನು ಒಳಗೇ ಕೊರೆಯುತ್ತಿತ್ತು. ವ್ಯಾಪಾರ ಮಾಡುವ ಮನಸ್ಸು ಅವನಿಗೆ ಇರಲೇ ಇಲ್ಲ. ಅಕ್ಕಲಕೋಟೆಯ ಕಡೆ ಅಣ್ಣನ ಹತ್ತಿರ ಇದ್ದ ನಾಲ್ಕು ಎಕರೆಗೆ ಹೋಗಬೇಕೆಂದಿದ್ದ. ಅದನ್ನು ಹೇಳಿಕೊಳ್ಳಲೂ ನಾಚಿಕೆ. ಅವನು ಕೇಳಿದ ಪ್ರಶ್ನೆ ರೊಕ್ಕದ್ದು, ಅವನೊಳಗಿದ್ದ ಪ್ರಶ್ನೆ ಮಾನದ್ದು. ‘ಈ ಮಾತು ಆವಾಗ ನನಗೂ ಗೊತ್ತಿರಲಿಲ್ಲ ಅಣ್ಣಾರ’ ಎಂದನಲ್ಲ, ಅದು ನನ್ನನ್ನು ಈ ಹೊತ್ತಿಗೂ ಬಿಟ್ಟಿಲ್ಲ. ತನ್ನ ಮನಸ್ಸಿನಲ್ಲಿ ಏನಿದೆಯೆಂದು ಮನುಷ್ಯನಿಗೆ ತಾನಾಗಿ ತಿಳಿಯುವುದಿಲ್ಲ. ಎದುರಿಗೆ ಕೂತು ಕೇಳುವವನೊಬ್ಬ ಬೇಕು. ನಮ್ಮ ಕನ್ನಡದಲ್ಲಿ ಪ್ರಶ್ನೆ ಮಾಡುವುದಕ್ಕೂ ಕಿವಿಗೊಡುವುದಕ್ಕೂ ‘ಕೇಳು’ ಎಂಬ ಒಂದೇ ಮಾತಿದೆ. ನಾನು ಆ ಸಂಜೆ ಎರಡು ಅರ್ಥದಲ್ಲಿಯೂ ಕೇಳಲಿಲ್ಲ.

ಈ ಕೇಳುವ ವಿದ್ಯೆ ಬಹಳ ಹಳೆಯದು. ಗ್ರೀಸ್ ದೇಶದ ಅಥೆನ್ಸ್ ಪಟ್ಟಣದಲ್ಲಿ ಸಾಕ್ರೆಟೀಸ್ ಎಂಬ ಜ್ಞಾನಿ ಇದ್ದನೆಂದು ನೀವು ಶಾಲೆಯಲ್ಲಿ ಓದಿರಬಹುದು. ಕ್ರಿಸ್ತಪೂರ್ವ 399ರಲ್ಲಿ ಅವನಿಗೆ ವಿಷ ಕುಡಿಸಿ ಮರಣದಂಡನೆ ಕೊಟ್ಟರು. ಅವನು ದುಡಿಯುವವರ ಮನೆಯ ಮಗ ಎಂಬುದನ್ನು ಶಾಲೆಯಲ್ಲಿ ಒತ್ತಿ ಹೇಳುವುದಿಲ್ಲ. ತಂದೆ ಕಲ್ಲುಕೆಲಸದವನು, ತಾಯಿ ಸೂಲಗಿತ್ತಿ. ತನ್ನ ಕೆಲಸವೂ ತಾಯಿಯ ಕೆಲಸದಂಥದ್ದೇ ಎಂದು ಸಾಕ್ರೆಟೀಸ್ ಹೇಳುತ್ತಿದ್ದನೆಂದು ಅವನ ಶಿಷ್ಯ ಪ್ಲೇಟೋ ಬರೆದಿದ್ದಾನೆ. ಸೂಲಗಿತ್ತಿ ತಾನು ಹಡೆಯುವುದಿಲ್ಲ, ಹಡೆಯುವವಳ ಹತ್ತಿರ ಕೂರುತ್ತಾಳೆ. ಮಗು ಬಂದ ಮೇಲೆ ಅದರಲ್ಲಿ ಜೀವ ಇದೆಯೋ ಇಲ್ಲವೋ ಎಂದು ನೋಡುತ್ತಾಳೆ. ಹಾಗೆಯೇ ಎದುರಿಗಿರುವವನ ಮನಸ್ಸಿನಿಂದ ಬಂದ ವಿಚಾರದಲ್ಲಿ ಜೀವ ಇದೆಯೋ, ಅದು ಬರೀ ಗಾಳಿಯೋ ಎಂದು ಪರೀಕ್ಷಿಸುವುದು ತನ್ನ ಕೆಲಸವೆಂದು ಅವನ ಹೇಳಿಕೆ. ಈ ಎರಡನೆಯ ಭಾಗವನ್ನು ಮರೆಯಬಾರದು. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವನು ಸೂಲಗಿತ್ತಿಯಾಗುವುದಿಲ್ಲ.

ಅವನು ಕೇಳುತ್ತಿದ್ದ ಬಗೆ ಹೇಗಿತ್ತು ಎಂಬುದಕ್ಕೆ ಪ್ಲೇಟೋ ಬರೆದ ‘ಮೆನೋ’ ಎಂಬ ಸಂವಾದದಲ್ಲಿ ಒಂದು ಪ್ರಸಂಗ ಬರುತ್ತದೆ. ಕೈಯಲ್ಲಿ ಸೀಮೆಸುಣ್ಣ ಇರುವವರು ನೆಲದ ಮೇಲೆ ಬರೆದು ನೋಡಿರಿ. ಮೆನೋ ಎಂಬ ಶ್ರೀಮಂತನ ಮನೆಯ ಆಳುಹುಡುಗನೊಬ್ಬನನ್ನು ಸಾಕ್ರೆಟೀಸ್ ಕರೆದು ಚೌಕವೊಂದನ್ನು ಬರೆದ. ಒಂದೊಂದು ಬದಿ 2 ಅಡಿ. ಒಟ್ಟು 4 ಚದರ ಅಡಿ. ‘ಇದರ ಎರಡರಷ್ಟು, ಅಂದರೆ 8 ಚದರ ಅಡಿಯ ಚೌಕ ಬೇಕಾದರೆ ಬದಿ ಎಷ್ಟಿರಬೇಕು?’ ಎಂದು ಕೇಳಿದ. ಹುಡುಗ ತಟ್ಟನೆ, ‘ಅದೂ ಎರಡರಷ್ಟು, 4 ಅಡಿ’ ಎಂದ. ತಪ್ಪು ಎಂದು ಸಾಕ್ರೆಟೀಸ್ ಹೇಳಲಿಲ್ಲ, ಬರೆದು ತೋರಿಸಿದ. ಎಣಿಸಿದರೆ 16 ಆಯಿತು. ಹುಡುಗ ‘ಹಾಗಾದರೆ 3’ ಎಂದ. ಬರೆದರೆ 9. ಆಗ ಹುಡುಗ ತನಗೆ ಗೊತ್ತಿಲ್ಲವೆಂದು ಆಣೆ ಇಟ್ಟು ಹೇಳಿದ. ಅಲ್ಲಿ ಸಾಕ್ರೆಟೀಸ್ ಮೆನೋನ ಕಡೆ ತಿರುಗಿ, ಈಗ ಈ ಹುಡುಗ ಮೊದಲಿಗಿಂತ ಒಳ್ಳೆಯ ಸ್ಥಿತಿಯಲ್ಲಿದ್ದಾನೆ, ಮೊದಲು ಗೊತ್ತಿಲ್ಲದೆಯೇ ಗೊತ್ತಿದೆ ಎಂದುಕೊಂಡಿದ್ದ ಎಂಬ ಅರ್ಥದ ಮಾತನ್ನು ಆಡುತ್ತಾನೆ.

ಮುಂದೆ 4 ಅಡಿಯ ದೊಡ್ಡ ಚೌಕದೊಳಗೆ ನಾಲ್ಕು ಚಿಕ್ಕ ಚೌಕ ಮಾಡಿ, ಒಂದೊಂದನ್ನು ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅರ್ಧ ಮಾಡಿದ. ಗೆರೆಗಳು ಸೇರಿ ನಡುವೆ ಓರೆಯಾದ ಒಂದು ಚೌಕ ಎದ್ದಿತು. ಅದರಲ್ಲಿ ಎಷ್ಟು ಅರ್ಧಗಳಿವೆ? ನಾಲ್ಕು. ಒಂದು ಅರ್ಧ ಎಷ್ಟು? 2 ಚದರ ಅಡಿ. ಒಟ್ಟು? 8. ಹುಡುಗನೇ ಎಣಿಸಿ ಹೇಳಿದ. ನಮ್ಮಲ್ಲಿ ಫರಸಿ ಕೂರಿಸುವ ಗೌಂಡಿ ಸಹೋದರರಿಗೆ ಇದು ಕಣ್ಣಳತೆಯ ವಿಷಯ.

ಸಾಕ್ರೆಟೀಸನೇ ಗೆರೆ ಎಳೆದನಲ್ಲ, ಹುಡುಗ ಬರೀ ಹೌದು ಅಲ್ಲ ಎಂದನಲ್ಲ, ಇದು ಯಾವ ಸೀಮೆಯ ಸ್ವಂತ ವಿಚಾರ ಎಂದು ನೀವು ಆಕ್ಷೇಪಿಸಬಹುದು. ಆ ಆಕ್ಷೇಪ ನನಗೂ ಇದೆ. ಅದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. ಆ ಗ್ರಂಥದಲ್ಲಿ ಹುಡುಗನಿಗೆ ಹೆಸರೇ ಇಲ್ಲ. ಅವನು ಗುಲಾಮ. ಚೌಕದ ಬದಿ ಎಷ್ಟೆಂದು ಸಾಕ್ರೆಟೀಸ್ ಅವನನ್ನು ಕೇಳಿದನೇ ಹೊರತು, ನಿನ್ನ ಕೂಲಿ ಎಷ್ಟು, ನೀನು ಇನ್ನೊಬ್ಬನ ಸ್ವತ್ತಾದುದು ಹೇಗೆ ಎಂದು ಕೇಳಲಿಲ್ಲ. ಪಾಠ ಮುಗಿಯಿತು, ಹುಡುಗ ಕೆಲಸಕ್ಕೆ ಹೋದ. ತತ್ತ್ವಜ್ಞಾನಿಗಳ ಮೇಲೆ ದುಡಿಯುವ ಜನರಿಗೆ ಇರುವ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

ಆ ಕೊರತೆಯನ್ನು ತುಂಬಿದವರಲ್ಲಿ ಒಬ್ಬರನ್ನು ಹೇಳುತ್ತೇನೆ. ನಾವು ಪ್ರೊಟೆಸ್ಟೆಂಟರು, ಅವರು ರೋಮನ್ ಕ್ಯಾಥೋಲಿಕ್ ಪಾದ್ರಿ. ಒಳ್ಳೆಯದನ್ನು ಕಲಿಯಲು ಅಡ್ಡಿಯಿಲ್ಲ. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್, 1882ರಲ್ಲಿ ಹುಟ್ಟಿದವರು, ಬಡವರ ಮನೆಯ ಮಗ. ಪಾದ್ರಿಯಾಗಲು ಓದುತ್ತಿದ್ದಾಗ ರಜೆಯಲ್ಲಿ ಊರಿಗೆ ಬಂದರೆ, ಆಗಲೇ ಕಾರ್ಖಾನೆಗೆ ಸೇರಿದ್ದ ಬಾಲ್ಯದ ಗೆಳೆಯರು ಅವರನ್ನು ಪರಕೀಯನಂತೆ ನೋಡಿದರು. ಆ ನೋಟ ಅವರಿಗೆ ಚುಚ್ಚಿತು. 1912ರಿಂದ ಬ್ರಸೆಲ್ಸ್ ಹತ್ತಿರದ ಲಾಕೆನ್ ಎಂಬಲ್ಲಿ ಸಹಾಯಕ ಪಾದ್ರಿಯಾಗಿ, ಅಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರನ್ನೂ ಹುಡುಗರನ್ನೂ ಕೂಡಿಸಿ ಅವರ ಕೆಲಸದ ಬಗ್ಗೆ ಅವರನ್ನೇ ವಿಚಾರಿಸತೊಡಗಿದರು. ಈ ಪ್ರಯತ್ನ 1925ರಲ್ಲಿ ತರುಣ ಕ್ರೈಸ್ತ ಕಾರ್ಮಿಕರ ಸಂಘವಾಗಿ ರೂಪುಗೊಂಡು ಬೇರೆ ಬೇರೆ ದೇಶಗಳಿಗೆ ಹರಡಿತು. ನೋಡು, ವಿವೇಚಿಸು, ಮಾಡು ಎಂಬ ಮೂರು ಮಾತು ಅದರ ಪದ್ಧತಿ. 1961ರಲ್ಲಿ ಪೋಪ್ 23ನೇ ಜಾನ್ ಅವರು ತಮ್ಮ ಸಾಮಾಜಿಕ ಪತ್ರದಲ್ಲಿ ಅದನ್ನು ಎತ್ತಿ ಹೇಳಿದರು. ಕಾರ್ಡೈನ್ 1965ರಲ್ಲಿ ಕಾರ್ಡಿನಲ್ ಆಗಿ, 1967ರಲ್ಲಿ ತೀರಿಕೊಂಡರು.

ಮೂರರಲ್ಲಿ ಮೊದಲನೆಯದೇ ಕಷ್ಟದ್ದು. ನಾವು ನೋಡುವ ಮುಂಚೆಯೇ ವಿವೇಚಿಸಿಬಿಡುತ್ತೇವೆ. ‘ಮಾಲಕ ಕಳ್ಳ’, ‘ಈಗಿನ ಹುಡುಗರಿಗೆ ಕೆಲಸ ಬೇಡ’, ‘ನನ್ನ ಹಣೆಬರಹವೇ ಇಷ್ಟು’ ಎನ್ನುವವು ನೋಡಿ ಆಡಿದ ಮಾತುಗಳಲ್ಲ. ಒಬ್ಬನು ನನ್ನ ಮುಂದೆ ಬಂದು ‘ನನಗೆ ಎಲ್ಲರೂ ಮೋಸ ಮಾಡುತ್ತಾರೆ’ ಎಂದರೆ ನಾನು ಈಗ ಕೇಳುವುದು ಇಷ್ಟು: ಎಲ್ಲರೂ ಎಂದರೆ ಯಾರು ಯಾರು? ಯಾವ ದಿನ? ನೀನು ಕಣ್ಣಾರೆ ಕಂಡೆಯೋ, ಯಾರಾದರೂ ಹೇಳಿದರೋ, ನೀನೇ ಊಹಿಸಿದೆಯೋ? ಎಷ್ಟೋ ಸಲ ಹೆಸರುಗಳನ್ನು ಎಣಿಸುತ್ತ ಹೋದಂತೆ ಎಲ್ಲರೂ ಹೋಗಿ ಒಬ್ಬನು ಉಳಿಯುತ್ತಾನೆ. ಕೆಲವು ಸಲ ನಿಜವಾಗಿಯೂ ಮೋಸವೇ ಆಗಿರುತ್ತದೆ. ಮಜೂರಿಯ ಲೆಕ್ಕದ ಚೀಟಿ ಮುಂದಿಟ್ಟು ನೋಡಿದಾಗ ಮಾತ್ರ ಅದು ಹೊರಬೀಳುತ್ತದೆ. ಆಗ ಹೋಗಬೇಕಾದದ್ದು ಯೂನಿಯನ್ನಿಗೆ, ಲೇಬರ್ ಆಫೀಸಿಗೆ. ಸ್ಪಷ್ಟವಾಗಿ ವಿಚಾರಿಸುವುದೆಂದರೆ ಎಲ್ಲವನ್ನೂ ಸಹಿಸಿಕೊಂಡು ಹೋಗುವುದೆಂದು ಯಾರೂ ತಿಳಿಯಬಾರದು. ಮಗ್ಗದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹಾಸಿನಲ್ಲಿ ಒಂದು ಎಳೆ ಕಡಿದಾಗ ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಬೇಕು. ನಿಲ್ಲಿಸದೆ ಓಡಿಸಿದರೆ ಬಟ್ಟೆ ಬರುತ್ತಲೇ ಇರುತ್ತದೆ, ಆದರೆ ಉದ್ದಕ್ಕೂ ಗೆರೆ ಬಿದ್ದಿರುತ್ತದೆ.

ಈಚೆಗೆ ಯೂರೋಪಿನಲ್ಲಿ ಇದನ್ನೇ ಉದ್ಯೋಗವಾಗಿ ಮಾಡಿಕೊಂಡವರೂ ಇದ್ದಾರೆ. 1981ರಲ್ಲಿ ಗೆರ್ಡ್ ಆಖೆನ್‌ಬಾಖ್ ಎಂಬ ಜರ್ಮನ್ ತತ್ತ್ವಶಾಸ್ತ್ರಜ್ಞರು ಕೊಲೋನ್ ಪಟ್ಟಣದ ಹತ್ತಿರ, ಡಾಕ್ಟರರ ದವಾಖಾನೆಯಂತೆ, ಜನ ಬಂದು ಬದುಕಿನ ಪ್ರಶ್ನೆಗಳನ್ನು ವಿಚಾರಮಾಡುವ ಕೋಣೆಯನ್ನು ತೆರೆದರು. ಬಂದವನನ್ನು ಅವರು ರೋಗಿಯೆಂದು ಎಣಿಸುವುದಿಲ್ಲ, ಔಷಧಿ ಕೊಡುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಿದ್ದೆ ಊಟ ಬಿಟ್ಟವನು, ಕುಡಿತದ ಕೈಗೆ ಸಿಕ್ಕವನು, ಜೀವ ಕಳೆದುಕೊಳ್ಳುವ ಮಾತಾಡುವವನು ನಮ್ಮ ಹತ್ತಿರ ಬಂದರೆ ಪ್ರಶ್ನೆ ಕೇಳುತ್ತ ಕೂರಬಾರದು. ಅವನ ಕೈ ಹಿಡಿದು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಬೇಕು, ಜೊತೆಗೆ ಇರಬೇಕು.

ದಣಿವಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಪುಸ್ತಕದವರು ಅದನ್ನು ಮರೆಯುತ್ತಾರೆ. ಮರೆಯದವಳು ಸಿಮೋನ್ ವೇಯ್ ಎಂಬ ಫ್ರೆಂಚ್ ಹೆಣ್ಣುಮಗಳು. ತತ್ತ್ವಶಾಸ್ತ್ರದ ಉಪಾಧ್ಯಾಯಿನಿ. 1934ರ ಡಿಸೆಂಬರಿನಲ್ಲಿ ಶಾಲೆಗೆ ರಜೆ ಹಾಕಿ ಪ್ಯಾರಿಸಿನ ವಿದ್ಯುತ್ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೂಲಿಗೆ ಸೇರಿದಳು. 1935ರ ಆಗಸ್ಟಿನ ತನಕ, ನಡುನಡುವೆ ಬಿಡುವಿದ್ದರೂ, ಮೂರು ಕಾರ್ಖಾನೆಗಳಲ್ಲಿ ದುಡಿದಳು. ಕಾರ್ಖಾನೆಯ ದಿನಚರಿಯಲ್ಲಿ ಅವಳು ಬರೆದುಕೊಂಡದ್ದು, ಅಲ್ಲಿ ಮನುಷ್ಯನಿಗೆ ಬರುವ ದೊಡ್ಡ ಶೋಧನೆಯೆಂದರೆ ವಿಚಾರ ಮಾಡುವುದನ್ನೇ ಬಿಟ್ಟುಬಿಡುವುದು, ಏಕೆಂದರೆ ನೋವಾಗದಂತೆ ಇರಲು ಅದೊಂದೇ ದಾರಿ ಎಂದು. ಅಷ್ಟು ಓದಿದವಳಿಗೇ ಹಾಗಾಯಿತು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ‘ನಿನ್ನನ್ನು ನೀನು ಅರಿತುಕೋ’ ಎಂದರೆ ಅವನು ಬೈದಾನು, ಅದು ನ್ಯಾಯವೇ. ಮೊದಲು ಚಹಾ, ಮೊದಲು ನಿದ್ದೆ. ಇದಕ್ಕಾಗಿಯೇ ನಾನು ಭಾನುವಾರದ ಸಂಜೆಯನ್ನು ಕೇಳುತ್ತಿದ್ದೇನೆ.

ಇಷ್ಟೆಲ್ಲ ದೂರ ದೇಶದ ಮಾತಾಯಿತು. ನಮ್ಮ ಊರೇ ಇಂಥ ಒಂದು ಪ್ರಶ್ನೆಯನ್ನು ಕಂಡ ಊರು. ಹನ್ನೆರಡನೆಯ ಶತಮಾನದಲ್ಲಿ ಈ ಸೊನ್ನಲಿಗೆಯಲ್ಲಿ ಸಿದ್ಧರಾಮನು ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದ. ಅಲ್ಲಮಪ್ರಭು ಬಂದು ಅವನನ್ನು ಮಣ್ಣು ಕೆಲಸದವನೆಂದು ಹಗುರವಾಗಿ ಕರೆದನಂತೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ಎಸೆದರಂತೆ. ಸಿದ್ಧರಾಮನೂ ಕೋಪದಿಂದಲೇ ಬಂದನಂತೆ. ಶೂನ್ಯಸಂಪಾದನೆಯಲ್ಲಿ ಈ ಕಥೆ ಇದೆ. ಕೆರೆ ಕಟ್ಟುವುದು ಕೆಟ್ಟದ್ದೆಂದು ಅಲ್ಲಮನ ವಾದವಲ್ಲ. ಇಷ್ಟು ಪುಣ್ಯದ ಕೆಲಸ ಮಾಡುವವನಿಗೆ ಒಂದು ಮಾತಿಗೆ ಇಷ್ಟು ಸಿಟ್ಟು ಎಲ್ಲಿಂದ ಬಂತು ಎಂಬುದೇ ಅಲ್ಲಿ ಏಳುವ ಪ್ರಶ್ನೆಯೆಂದು ನಾನು ತಿಳಿದಿದ್ದೇನೆ. ಸಿದ್ಧರಾಮ ಆ ಪ್ರಶ್ನೆಯನ್ನು ತಾಳಿಕೊಂಡ, ಕೊನೆಗೆ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೋದ. ಕ್ರೈಸ್ತನು ಶರಣರ ಕಥೆ ಹೇಳಬಹುದೇ ಎಂದು ಯಾರಾದರೂ ಹುಬ್ಬೇರಿಸಿದರೆ, 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ನಮ್ಮ ಸಭೆಯ ಪಾದ್ರಿಗಳೇ ಆಗಿದ್ದರೆಂದು ನೆನಪಿಸುತ್ತೇನೆ. ಆದರೆ ಅಲ್ಲಮನ ಹಾಗೆ ಚುಚ್ಚಿ ಕೇಳುವ ಅಧಿಕಾರ ನಮಗಿಲ್ಲ. ಅದು ಅಲ್ಲಮನಿಗೇ ಇರಲಿ.

ನನ್ನಂಥ ಮುದುಕನಿಗೆ ಮೇಲ್ಪಂಕ್ತಿ ಬೇಕಾದರೆ ಸತ್ಯವೇದದಲ್ಲಿ ಏಲಿ ಇದ್ದಾನೆ. ಸಮುವೇಲನ ಮೊದಲನೆಯ ಪುಸ್ತಕ, ಮೂರನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಏಲಿಗೆ ಕಣ್ಣು ಮಂಜಾಗಿತ್ತು, ಮಕ್ಕಳು ದಾರಿ ತಪ್ಪಿದ್ದರು. ಅವನನ್ನು ಯಶಸ್ವಿಯಾದ ಹಿರಿಯನೆಂದು ಯಾರೂ ಹೇಳಲಾರರು. ರಾತ್ರಿಯಲ್ಲಿ ತನ್ನನ್ನು ಯಾರೋ ಕರೆದರೆಂದು ಹುಡುಗ ಸಮುವೇಲ ಅವನ ಹತ್ತಿರ ಮೂರು ಸಲ ಓಡಿ ಬಂದ. ಎರಡು ಸಲ ಏಲಿ, ನಾನು ಕರೆಯಲಿಲ್ಲ, ಹೋಗಿ ಮಲಗು ಎಂದ. ಅಲ್ಲಿ ಸುಳ್ಳು ಹೇಳುವುದು ಎಷ್ಟು ಸುಲಭವಾಗಿತ್ತು ಯೋಚಿಸಿರಿ. ‘ಹೌದು, ನಾನೇ ಕರೆದೆ’ ಎಂದು ಒಂದು ಕೆಲಸ ಹೇಳಿ ಹುಡುಗನನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದಿತ್ತು. ಹಿರಿಯರಾದ ನಾವು ಬಹಳ ಸಲ ಮಾಡುವುದು ಅದನ್ನೇ. ಮೂರನೆಯ ಸಲ ಕರೆ ಯಾರದೆಂದು ಏಲಿಗೆ ಹೊಳೆಯಿತು. ಆಗಲೂ ಅವನು ಎದ್ದು ತಾನೇ ಕೇಳಲು ಹೋಗಲಿಲ್ಲ. ಹುಡುಗನನ್ನೇ ಅವನ ಜಾಗಕ್ಕೆ ತಿರುಗಿ ಕಳಿಸಿದ, ಹೇಗೆ ಓಗೊಡಬೇಕೆಂಬುದನ್ನು ಮಾತ್ರ ಹೇಳಿಕೊಟ್ಟ.

ಬೆಳಗಾಯಿತು. ಹುಡುಗ ಕೇಳಿದ ಸುದ್ದಿ ಏಲಿಯ ಮನೆತನಕ್ಕೇ ಬರಲಿರುವ ನ್ಯಾಯತೀರ್ಪಿನದು. ಸಮುವೇಲ ಹೇಳಲು ಹೆದರಿದ. ಒಂದನ್ನೂ ಮುಚ್ಚಿಡಬೇಡ ಎಂದು ಏಲಿ ಒತ್ತಾಯ ಮಾಡಿ ಕೇಳಿದ, ಕೇಳಿ ತಲೆಬಾಗಿದ. ಎದುರಿನವನ ವಿಚಾರ ತಿಳಿಯಾಗಲಿ ಎಂದು ಕೂರುವವನು ಈ ಅಪಾಯಕ್ಕೆ ಸಿದ್ಧನಿರಬೇಕು. ತಿಳಿಯಾದ ವಿಚಾರ ಮೊಟ್ಟಮೊದಲು ತನ್ನ ಮೇಲೆಯೇ ಬೀಳಬಹುದು. ಆ ಮಣ್ಣಿಗೆ ಹೋಗಿ ಬಂದ ದಾರಿಯಲ್ಲಿ ನನ್ನ ಜೊತೆಗಾರ ಮಾಡಿದ್ದು ಇದೇ. ಅವನ ಹೆಂಡತಿಯ ಮಾತನ್ನು ನಾನು ಕೇಳಿದ್ದು ಅದಕ್ಕೂ ಎಷ್ಟೋ ತಡವಾಗಿ. ‘ಬೀಡಿ ಕಟ್ಟೂದ್ರಾಗ ನನಗೇನೂ ನಾಚಿಕಿ ಇರಲಿಲ್ರಿ. ಇವರಿಗೆ ಯಾಕ ನಾಚಿಕಿ ಅಂತ ನನ್ನೂ ಯಾರೂ ಕೇಳಲಿಲ್ಲ’ ಎಂದಳು ಆ ತಾಯಿ. ಆದುದರಿಂದ ನನ್ನ ಜೊತೆ ಒಬ್ಬ ಸಹೋದರಿಯೂ ಕುಳಿತುಕೊಳ್ಳಬೇಕೆಂದು ಕೂಟವನ್ನು ಬೇಡುತ್ತೇನೆ. ಹೆಣ್ಣುಮಕ್ಕಳು ಬೀಡಿಯ ಮೊರ ಬಿಟ್ಟು ಬರುವುದು ಕಷ್ಟವಾದರೆ, ಮೊರವನ್ನು ತಂದರೂ ಆದೀತು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಸುಲಭವಾಗಿ ಬಿಚ್ಚುತ್ತದೆ.

ಹೋದ ವಾರ ನಮ್ಮ ಸಂಬಂಧಿಕರ ಹುಡುಗನೊಬ್ಬ ಬಂದಿದ್ದ. ಟಾವೆಲ್ ಕಾರ್ಖಾನೆಯ ಕೆಲಸ ಬಿಟ್ಟು ಪುಣೆಗೆ ಹೋಗಿ, ಮೋಟರ್ ಸೈಕಲ್ಲಿನ ಮೇಲೆ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ ಹಿಡಿಯಬೇಕೆಂದಿದ್ದಾನೆ. ಮೋಟರ್ ಸೈಕಲ್ಲಿಗೆ ಸಾಲ ಆಗಬೇಕು. ‘ಹೋಗಲೋ ಬೇಡವೋ ಮಾಮಾ, ಒಂದು ಮಾತು ಹೇಳಿಬಿಡಿ’ ಎಂದ. ಸೆಕೆಂಡ್ ಹ್ಯಾಂಡ್ ಪವರ್‌ಲೂಮಿನ ನೆನಪಾಗಿ ನಾಲಿಗೆ ಹಿಡಿದುಕೊಂಡೆ. ತಿಂಗಳಿಗೆ ಅಲ್ಲಿ ಎಷ್ಟು ಸಿಗುತ್ತದೆ, ಅದರಲ್ಲಿ ಪೆಟ್ರೋಲ್ ಯಾರದು, ಖೋಲಿಯ ಬಾಡಿಗೆ ಎಷ್ಟು ಎಂದು ಕೇಳಿದೆ. ಯಾರು ಹೇಳಿದ ಲೆಕ್ಕ ಇದು ಎಂದು ಕೇಳಿದೆ. ಗೆಳೆಯ ಹೇಳಿದ್ದಂತೆ, ಗೆಳೆಯ ಅಲ್ಲಿಗೆ ಹೋಗಿ ಇಪ್ಪತ್ತು ದಿನ ಆಗಿದೆ. ನಾಲ್ಕು ತಿಂಗಳಿನಿಂದ ಅಲ್ಲಿರುವವನನ್ನು ಕೇಳಿ ಬರುತ್ತೇನೆ ಎಂದು ಅವನೇ ಹೇಳಿದ. ಇಲ್ಲಿಂದ ಹೋಗಬೇಕೆನ್ನಿಸುವುದು ಸಂಬಳಕ್ಕೋ, ಬೇರೆ ಏನಾದರೂ ಇದೆಯೋ ಎಂದಾಗ ಮಾತ್ರ ಕೆಳಗೆ ನೋಡಿದ. ನಾನು ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ನನಗೆ ಎಷ್ಟು ಕಷ್ಟವೆಂದು ಮನೆಯವರಿಗೆ ಗೊತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನು ತಲೆ ಎತ್ತಿ, ‘ಮಾಮಾ, ಗಿರಣಿ ಮುಚ್ಚಿದಾಗ ನೀವು ಯಾರನ್ನ ಕೇಳಿದ್ರಿ?’ ಎಂದ.

ನಾನು ಯಾರನ್ನೂ ಕೇಳಿರಲಿಲ್ಲ. ಹಾಗೆಂದೇ ಅವನಿಗೆ ಹೇಳಿದೆ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಮತ್ತೆ ಬರುತ್ತಾನೆ. ಬರುವವರು ಇನ್ನೂ ಇದ್ದರೆ ಬರಬಹುದು, ಚಹಾದ ವ್ಯವಸ್ಥೆ ಇದೆ.